ಕಾಣದ ಬೆಳಕಿನ ಓದು



ಕೊಡಗಿನ ಭಾಗಮಂಡಲವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡದವರು ಹೆಸರನ್ನಾದರೂ ಕೇಳಿರುತ್ತೀರಿ. ತಲಕಾವೇರಿಯಿಂದ ಸುಮಾರು 8 ಕಿಲೋಮೀಟರ್ ಕೆಳಗೆ, ಭಗಂಡೇಶ್ವರ ದೇವಾಲಯದ ಸಮೀಪ, ಕಾವೇರಿಗೆ ಕನ್ನಿಕೆ ಎಂಬ ಹೊಳೆ ಬಂದು ಸೇರುತ್ತದೆ. ಕಣ್ಣಿಗೆ ಕಾಣುವುದು ಎರಡೇ ಹೊಳೆ. ಆದರೂ ಆ ಸ್ಥಳಕ್ಕೆ ತ್ರಿವೇಣಿ ಸಂಗಮವೆಂದು ಹೆಸರು. ಮೂರನೆಯದು ನೆಲದಡಿಯಲ್ಲಿ ಹರಿಯುತ್ತದೆ, ಅದು ಯಾರಿಗೂ ಕಾಣುವುದಿಲ್ಲ ಎಂಬುದು ಭಕ್ತರ ನಂಬಿಕೆ. ಆ ಕಾಣದ ಹೊಳೆಯ ಹೆಸರು ಸುಜ್ಯೋತಿ. ಒಳ್ಳೆಯ ಬೆಳಕು ಎಂದು ಅದರ ಅರ್ಥ.

ಈ ಹೆಸರು ನನಗೆ ಆಗಾಗ ನೆನಪಾಗುವುದಕ್ಕೆ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ತುಲಾ ಸಂಕ್ರಮಣದ ಚಿತ್ರೀಕರಣಕ್ಕೆಂದು ನಮ್ಮ ತಂಡ ಭಾಗಮಂಡಲಕ್ಕೆ ಹೋಗಿತ್ತು. ಸಂಗಮದ ಒದ್ದೆ ಮೆಟ್ಟಿಲ ಮೇಲೆ ನಮ್ಮ ಕ್ಯಾಮೆರಾ ಸಹಾಯಕ ಕಾಲು ಜಾರಿ ಬಿದ್ದ. ಕ್ಯಾಮೆರಾ ಉಳಿಯಿತು, ಮಣಿಕಟ್ಟು ಊದಿಕೊಂಡಿತು. ಕೈಯನ್ನು ಟವೆಲಿನಲ್ಲಿ ಕಟ್ಟಿ, ಜೀಪಿನಲ್ಲಿ ಕೂರಿಸಿಕೊಂಡು, ತಿರುವು ರಸ್ತೆಯಲ್ಲಿ ಆಸ್ಪತ್ರೆಯೊಂದಕ್ಕೆ ಹೋದೆವು. ಎಕ್ಸ್-ರೇ ತೆಗೆದರು. ಮೊದಲನೆಯದರಲ್ಲಿ ಕೈ ಓರೆಯಾಗಿತ್ತು. ಎರಡನೆಯದರಲ್ಲಿ ಅಲುಗಿತ್ತು. ಮೂರನೆಯದು ಸರಿಬಂತು. ಹೊರಗೆ ಬಂದ ಮೇಲೆ ನಾನು, “ನಮ್ಮ ಹಾಗೆಯೇ ಇವರಿಗೂ ರೀಟೇಕ್ ಉಂಟು” ಎಂದು ನಕ್ಕೆ.

ಈ ಸಂಗತಿಯನ್ನು ಆಮೇಲೊಮ್ಮೆ ಒಬ್ಬ ಯುವ ರೇಡಿಯಾಗ್ರಫರ್ ಮುಂದೆ ಹೇಳಿದೆ. ಆಕೆ ಭಾಗಮಂಡಲದ ಕಡೆಯವರೇ. ಏಲಕ್ಕಿ, ಕಾಫಿ ಬೆಳೆಯುವ ಮನೆಯ ಮಗಳು. ಆಕೆ ನಗಲಿಲ್ಲ. “ಸಾರ್, ನಿಮ್ಮಲ್ಲಿ ರೀಟೇಕ್ ಆದರೆ ಸಮಯ ಹೋಗ್ತದೆ. ನಮ್ಮಲ್ಲಿ ಅದು ರೋಗಿಯ ಮೈಮೇಲೆ ಬೀಳ್ತದೆ. ಗುಂಡಿ ಒತ್ತಲಿಕ್ಕೆ ಒಂದು ದಿನ ಸಾಕು ಸಾರ್. ಎರಡನೇ ಸಲ ಒತ್ತದ ಹಾಗೆ ನೋಡಿಕೊಳ್ಳಲಿಕ್ಕೆ ನಾನು ನಾಲ್ಕು ವರ್ಷ ಓದಿದ್ದು” ಎಂದರು.

ನಾನು ವಿಜ್ಞಾನ ಪದವೀಧರ. ಕ್ಷ-ಕಿರಣದ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ಪಡೆದವನು. ಆದರೂ ಆ ಮಾತು ನನಗೆ ಹೊಸದಾಗಿತ್ತು. ಆಕೆ ಒಂದೇ ಉಸಿರಿನಲ್ಲಿ ಹೇಳಿದ ಮಾತನ್ನು ಕಲಿಯಲು ಜಗತ್ತಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಲಿಕೆ ಹೇಗೆ ನಡೆಯಿತು, ಅದಕ್ಕೆ ಯಾರು ಬೆಲೆ ತೆತ್ತರು, ಅದು ಕೊನೆಗೆ ವಿಶ್ವವಿದ್ಯಾನಿಲಯದ ಪದವಿಯಾಗಿ ನಿಮ್ಮ ಮುಂದೆ ಹೇಗೆ ಬಂದು ನಿಂತಿದೆ ಎಂಬುದನ್ನು ಈಗ ನೋಡೋಣ.

ಕತ್ತಲೆ ಕೋಣೆಯಲ್ಲಿ ಕಂಡ ಕೈ

1895ರ ನವೆಂಬರ್ 8. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜನ್, ಗಾಳಿ ತೆಗೆದ ಗಾಜಿನ ನಳಿಕೆಯಲ್ಲಿ ವಿದ್ಯುತ್ ಹರಿಸಿ ಪ್ರಯೋಗ ಮಾಡುತ್ತಿದ್ದರು. ನಳಿಕೆಯನ್ನು ಕಪ್ಪು ಕಾಗದದಿಂದ ಪೂರ್ತಿ ಮುಚ್ಚಿದ್ದರು. ಕೋಣೆ ಕತ್ತಲಾಗಿತ್ತು. ಆದರೂ ಸ್ವಲ್ಪ ದೂರದಲ್ಲಿದ್ದ, ಬೇರಿಯಂ ಪ್ಲಾಟಿನೋಸೈನೈಡ್ ಲೇಪಿಸಿದ ಪರದೆ ಮಿನುಗಿತು. ಕಾಗದವನ್ನು ದಾಟಿ ಏನೋ ಹೊರಬರುತ್ತಿದೆ ಎಂದು ಅವರಿಗೆ ಹೊಳೆಯಿತು. ಮುಂದಿನ ವಾರಗಳಲ್ಲಿ ಅವರು ಪ್ರಯೋಗಶಾಲೆ ಬಿಟ್ಟು ಕದಲಲಿಲ್ಲವೆನ್ನಬಹುದು. ಡಿಸೆಂಬರ್ 22ರಂದು ಹೆಂಡತಿ ಆನ್ನಾ ಬರ್ತಾ ಅವರ ಕೈಯನ್ನು ಛಾಯಾಚಿತ್ರ ಫಲಕದ ಮೇಲೆ ಇರಿಸಿ, ಸುಮಾರು ಹದಿನೈದು ನಿಮಿಷ ಕಿರಣ ಹಾಯಿಸಿದರು. ಬೆರಳಿನ ಮೂಳೆಗಳೂ ಉಂಗುರವೂ ಮೂಡಿದ ಆ ಚಿತ್ರವನ್ನು ನೀವು ಪಠ್ಯಪುಸ್ತಕದಲ್ಲಿ ನೋಡಿದ್ದೀರಿ.

ಈ ಕಿರಣದ ಸ್ವರೂಪ ತಿಳಿಯದ ಕಾರಣ ರಾಂಟ್‌ಜನ್ ಅದನ್ನು ‘ಎಕ್ಸ್’ ಎಂದು ಕರೆದರು. ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಇಡುವ ಹೆಸರದು. ಕನ್ನಡದಲ್ಲಿ ಅದು ‘ಕ್ಷ-ಕಿರಣ’ವಾಯಿತು. ಸ್ವರೂಪ ತಿಳಿದು ಎಷ್ಟೋ ಕಾಲವಾದರೂ ಹೆಸರು ಹಾಗೆಯೇ ಉಳಿದುಕೊಂಡಿದೆ. ರಾಂಟ್‌ಜನ್ ತಮ್ಮ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಅವರಿಗೆ ಬಂದಾಗ, ಅದರ ಹಣವನ್ನೂ ತಮ್ಮ ವಿಶ್ವವಿದ್ಯಾನಿಲಯಕ್ಕೆ ಕೊಟ್ಟರು.

ಸುದ್ದಿ ಹರಡಲು ತಡವಾಗಲಿಲ್ಲ. 1896ರ ಮೊದಲ ತಿಂಗಳುಗಳಲ್ಲೇ ಯೂರೋಪು, ಅಮೆರಿಕಗಳ ವೈದ್ಯರು ಮುರಿದ ಮೂಳೆ, ಒಳಗೆ ಉಳಿದ ಗುಂಡು ಹುಡುಕಲು ಇದನ್ನು ಬಳಸತೊಡಗಿದರು. ಭಾರತಕ್ಕೂ ಅದು ಬೇಗನೆ ಬಂತು. 1897-98ರಲ್ಲಿ ವಾಯವ್ಯ ಗಡಿಯ ತಿರಾಹ್ ದಂಡಯಾತ್ರೆಯಲ್ಲಿ ಬ್ರಿಟಿಷ್ ಸೇನೆಯ ವೈದ್ಯ ಬೀವರ್, ಗಾಯಗೊಂಡ ಸೈನಿಕರ ಮೈಯೊಳಗಿನ ಗುಂಡನ್ನು ಎಕ್ಸ್-ರೇ ಮೂಲಕ ಪತ್ತೆ ಮಾಡಿದರು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸ್ ತಮ್ಮ ಪ್ರಯೋಗಶಾಲೆಯಲ್ಲೇ ಇಂಥ ಉಪಕರಣವನ್ನು ಜೋಡಿಸಿಕೊಂಡಿದ್ದರು.

ಕೈ ಕಳೆದುಕೊಂಡವರು

ಈಗ ಒಂದು ಪ್ರಶ್ನೆ. ಆ ದಿನಗಳಲ್ಲಿ ಎಕ್ಸ್-ರೇ ತೆಗೆಯುತ್ತಿದ್ದವರು ಯಾರು? ಅದಕ್ಕೆಂದು ಓದಿದವರು ಯಾರೂ ಇರಲಿಲ್ಲ. ಛಾಯಾಚಿತ್ರಗಾರರು, ವಿದ್ಯುತ್ ಕೆಲಸ ಬಲ್ಲವರು, ಔಷಧ ಅಂಗಡಿಯವರು, ಕುತೂಹಲವುಳ್ಳ ವೈದ್ಯರು, ಹೀಗೆ ಯಂತ್ರ ಕೈಗೆ ಸಿಕ್ಕಿದವರೆಲ್ಲರೂ ತೆಗೆಯುತ್ತಿದ್ದರು. ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಅವರಿಗಿದ್ದ ಸುಲಭ ಉಪಾಯವೆಂದರೆ, ತಮ್ಮದೇ ಕೈಯನ್ನು ಕಿರಣಕ್ಕೆ ಅಡ್ಡ ಹಿಡಿದು ಪರದೆಯ ಮೇಲೆ ಮೂಳೆ ಕಾಣುತ್ತದೆಯೇ ಎಂದು ಪರೀಕ್ಷಿಸುವುದು. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಹೀಗೆ ಮಾಡಿದರು.

ಚರ್ಮ ಕೆಂಪಾಗುವುದು, ಕೂದಲು ಉದುರುವುದು 1896ರಲ್ಲೇ ವರದಿಯಾಗಿತ್ತು. ಆದರೆ ಕಾಣದ, ನೋವು ಕೊಡದ, ಬಿಸಿಯೂ ಇಲ್ಲದ ಕಿರಣವೊಂದು ಮೈಯನ್ನು ಕೆಡಿಸುತ್ತದೆ ಎಂದರೆ ಹಲವರು ನಂಬಲಿಲ್ಲ. ಥಾಮಸ್ ಆಲ್ವಾ ಎಡಿಸನ್ ಅವರ ಪ್ರಯೋಗಶಾಲೆಯಲ್ಲಿ ಕ್ಲಾರೆನ್ಸ್ ಡ್ಯಾಲಿ ಎಂಬ ಸಹಾಯಕನಿದ್ದ. ಗಾಜು ಊದುವುದರಲ್ಲಿ ನಿಪುಣ. ಎಕ್ಸ್-ರೇ ನಳಿಕೆಗಳನ್ನು ಪರೀಕ್ಷಿಸುವುದು ಅವನ ಕೆಲಸ. ಮೊದಲು ಅವನ ಕೈಗಳಲ್ಲಿ ಹುಣ್ಣಾಯಿತು, ಆಮೇಲೆ ಅದು ಕ್ಯಾನ್ಸರ್‌ಗೆ ತಿರುಗಿತು. ಒಂದು ಕೈ ಕತ್ತರಿಸಿದರು, ಆಮೇಲೆ ಇನ್ನೊಂದು. 1904ರಲ್ಲಿ, ನಲವತ್ತು ತುಂಬುವ ಮುನ್ನವೇ, ಡ್ಯಾಲಿ ತೀರಿಕೊಂಡ. ಎಡಿಸನ್ ಎಕ್ಸ್-ರೇ ಸಂಶೋಧನೆಯನ್ನೇ ಕೈಬಿಟ್ಟರು.

ಡ್ಯಾಲಿ ಒಬ್ಬನೇ ಅಲ್ಲ. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ಕ್ಷ-ಕಿರಣ ಮತ್ತು ರೇಡಿಯಂ ಕೆಲಸದಲ್ಲಿ ಪ್ರಾಣ ತೆತ್ತ, ಹಲವು ದೇಶಗಳ ನೂರೈವತ್ತಕ್ಕೂ ಹೆಚ್ಚು ಜನರ ಹೆಸರು ಅದರ ಮೇಲಿತ್ತು. ಅವರಲ್ಲಿ ವೈದ್ಯರಿದ್ದರು, ಭೌತವಿಜ್ಞಾನಿಗಳಿದ್ದರು, ದಾದಿಯರಿದ್ದರು, ಯಂತ್ರ ನಡೆಸುವ ತಂತ್ರಜ್ಞರೂ ಇದ್ದರು. ಮುಂದಿನ ವರ್ಷಗಳಲ್ಲಿ ಅದಕ್ಕೆ ಇನ್ನಷ್ಟು ಹೆಸರುಗಳು ಸೇರಿದವು. ರೇಡಿಯಾಗ್ರಫಿ ಪಠ್ಯದ ಸುರಕ್ಷತೆಯ ಅಧ್ಯಾಯವನ್ನು ಓದುವಾಗ ಆ ಕಲ್ಲನ್ನು ಒಮ್ಮೆ ನೆನೆಯಿರಿ. ಆ ಅಧ್ಯಾಯದ ನಿಯಮಗಳು ಹುಟ್ಟಿದ್ದು ಇವರ ಗಾಯಗಳಿಂದ.

ಮೊದಲ ಪಾಠಶಾಲೆಗಳು

ತರಬೇತಿ ಬೇಕೆಂಬ ಅರಿವು ಗಟ್ಟಿಯಾದದ್ದು ಮೊದಲ ಮಹಾಯುದ್ಧದಲ್ಲಿ. ಫ್ರಾನ್ಸಿನಲ್ಲಿ ಮೇರಿ ಕ್ಯೂರಿ ಮೋಟಾರು ವಾಹನಗಳಲ್ಲಿ ಎಕ್ಸ್-ರೇ ಯಂತ್ರ ಕೂರಿಸಿ ರಣರಂಗದ ಆಸ್ಪತ್ರೆಗಳಿಗೆ ಕೊಂಡೊಯ್ದರು. ಸೈನಿಕರು ಆ ವಾಹನಗಳನ್ನು ‘ಪುಟ್ಟ ಕ್ಯೂರಿ’ ಎಂದು ಕರೆದರು. ಯಂತ್ರವಿದ್ದರೂ ನಡೆಸುವವರಿರಲಿಲ್ಲ. ಆಗ ಅವರು ಸುಮಾರು 150 ಮಹಿಳೆಯರಿಗೆ ಶಿಕ್ಷಣ ಕೊಟ್ಟರು. ವಿದ್ಯುತ್ತಿನ ತತ್ವ, ಕ್ಷ-ಕಿರಣದ ತತ್ವ, ಮನುಷ್ಯನ ಅಂಗರಚನೆ, ಇವು ಮೂರೂ ಪಾಠದಲ್ಲಿದ್ದವು. ಮಗಳು ಐರೀನ್ ಇನ್ನೂ ಹದಿಹರೆಯದವಳು, ಅವಳೂ ತಾಯಿಯ ಜೊತೆ ನಿಂತಳು. ಇಂದಿನ ಪದವಿಯ ಮೊದಲ ವರ್ಷದ ಪಾಠಪಟ್ಟಿ ತೆಗೆದು ನೋಡಿ. ಆ ಮೂರು ವಿಷಯಗಳು ಈಗಲೂ ಅದರಲ್ಲಿವೆ.

1920ರಲ್ಲಿ ಬ್ರಿಟನ್ನಿನಲ್ಲಿ ರೇಡಿಯಾಗ್ರಫರುಗಳ ಸಂಘ ಹುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ತಂತ್ರಜ್ಞರ ಸಂಘ ಹುಟ್ಟಿತು. ಯಂತ್ರ ನಡೆಸಲು ಪರೀಕ್ಷೆ ಪಾಸು ಮಾಡಬೇಕು, ಪ್ರಮಾಣಪತ್ರ ಇರಬೇಕು ಎಂಬ ಪದ್ಧತಿ ಅಲ್ಲಿಂದ ಬೆಳೆಯಿತು. 1928ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ, ವಿಕಿರಣ ರಕ್ಷಣೆಗೆಂದೇ ಒಂದು ಸಮಿತಿ ರಚಿಸಿತು. ಎಷ್ಟು ವಿಕಿರಣ ತಾಳಬಹುದು ಎಂಬ ಮಾತಿಗೆ ಜಗತ್ತೆಲ್ಲ ಇಂದಿಗೂ ನೋಡುವುದು ಆ ಸಮಿತಿಯ ಉತ್ತರಾಧಿಕಾರಿಯನ್ನೇ.

ದಕ್ಷಿಣ ಭಾರತದಲ್ಲಿ ಮುಖ್ಯ ಹೆಜ್ಜೆ ಬಿದ್ದದ್ದು ಮದರಾಸಿನಲ್ಲಿ. ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1934ರಲ್ಲಿ ಬರ್ನಾರ್ಡ್ ರೇಡಿಯಾಲಜಿ ಸಂಸ್ಥೆ ಆರಂಭವಾಯಿತು. ಆದರೆ ದೇಶದ ಬಹುಪಾಲು ಊರುಗಳಲ್ಲಿ ಬಹುಕಾಲ ನಡೆದದ್ದು ಗುರುಕುಲದ ಪದ್ಧತಿಯೇ ಎನ್ನಬೇಕು. ಡಾರ್ಕ್ ರೂಮಿನಲ್ಲಿ ಫಿಲಂ ತೊಳೆಯುತ್ತಿದ್ದ ಹುಡುಗ ಹಿರಿಯರ ಪಕ್ಕ ನಿಂತು ನೋಡಿ ನೋಡಿ ಕಲಿತ. ಅವರಲ್ಲಿ ಎಷ್ಟೋ ಮಂದಿ ನಿಜವಾಗಿ ನುರಿತವರಾಗಿದ್ದರು. ಫಿಲಂ ನೋಡಿದೊಡನೆ ಎಲ್ಲಿ ತಪ್ಪಾಯಿತೆಂದು ಹೇಳಬಲ್ಲವರಾಗಿದ್ದರು. ಆದರೆ ಕೈಯ ಅನುಭವ ‘ಹೇಗೆ’ ಎಂಬುದನ್ನು ಕಲಿಸುತ್ತದೆ. ‘ಏಕೆ’ ಎಂಬುದನ್ನು ತಾನಾಗಿ ಕಲಿಸುವುದಿಲ್ಲ. ಯಂತ್ರ ಬದಲಾದ ದಿನ ‘ಏಕೆ’ ಗೊತ್ತಿಲ್ಲದವನು ಕಂಗಾಲಾಗುತ್ತಾನೆ.

ತುಮಕೂರಿನ ಹಳ್ಳಿಗಳು ಹೇಳಿದ ಪಾಠ

ಈ ಕಥೆಯಲ್ಲಿ ನಮ್ಮ ನಾಡಿಗೂ ದೊಡ್ಡ ಪಾತ್ರವಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಬಳ್ಳಾರಿ ರಸ್ತೆಯಲ್ಲಿರುವ ಆ ಸಂಸ್ಥೆಯನ್ನು 1960ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಕ್ಷಯಕ್ಕೆ ಔಷಧ ಬಂದಿತ್ತು. ಆದರೆ ರೋಗಿಗಳು ಎಲ್ಲಿದ್ದಾರೆ, ಎಷ್ಟಿದ್ದಾರೆ ಎಂಬುದನ್ನು ತಿಳಿಯಬೇಕಿತ್ತು. ಅದಕ್ಕಾಗಿ ಸಂಸ್ಥೆ 1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಎದೆಯ ಚಿತ್ರವನ್ನು ಸಣ್ಣ ಫಿಲಂ ಮೇಲೆ ಇಳಿಸುವ ಯಂತ್ರವನ್ನು ಊರಿಂದೂರಿಗೆ ಒಯ್ದರು. ಬ್ರೆಜಿಲಿನ ವೈದ್ಯ ಮನೋಯೆಲ್ ಡಿ ಅಬ್ರೇಯು 1936ರಲ್ಲಿ ರೂಪಿಸಿದ ವಿಧಾನವದು. ದೊಡ್ಡ ಫಿಲಂಗಿಂತ ಬಹಳ ಅಗ್ಗವಾದ್ದರಿಂದ ಸಾವಿರಾರು ಜನರನ್ನು ಪರೀಕ್ಷಿಸಬಹುದಿತ್ತು.

ಇಲ್ಲಿ ಎರಡು ಸಂಗತಿ ತಿಳಿದವು. ಒಂದು, ಎದೆಯ ಚಿತ್ರದಲ್ಲಿ ನೆರಳು ಕಂಡ ಮಾತ್ರಕ್ಕೆ ಅದು ಕ್ಷಯವೆನ್ನಲಾಗದು. ಒಂದೇ ಫಿಲಂ ಅನ್ನು ಇಬ್ಬರು ತಜ್ಞರು ಬೇರೆ ಬೇರೆಯಾಗಿ ಓದುತ್ತಾರೆ ಎಂಬುದು 1940ರ ದಶಕದಲ್ಲೇ ಅಮೆರಿಕದ ಅಧ್ಯಯನಗಳಿಂದ ಗೊತ್ತಾಗಿತ್ತು. ರೋಗಾಣು ಇದೆಯೇ ಎಂದು ತಿಳಿಯಲು ಕಫವನ್ನೇ ನೋಡಬೇಕು. ಎರಡನೆಯದು ಇನ್ನೂ ಮುಖ್ಯ. ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳನ್ನು ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಆ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೆಮ್ಮು, ಜ್ವರವೆಂದು ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಬಾಟಲಿ.

ಹಳ್ಳಿಯವರು ಅಜ್ಞಾನದಿಂದ ರೋಗ ಮುಚ್ಚಿಡುತ್ತಾರೆ ಎಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ತುಮಕೂರಿನ ರೈತ ಬಂದಿದ್ದ. ಅವನನ್ನು ಸರಿಯಾಗಿ ನೋಡಲಿಲ್ಲ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ, ಜನರು ಹೋಗುವ ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ ನಡೆಯಬೇಕೆಂದು ಗೊತ್ತುಮಾಡಿದ್ದಕ್ಕೆ ಈ ಸಂಸ್ಥೆಯ ಕೆಲಸವೇ ಆಧಾರ. ರೇಡಿಯಾಗ್ರಫಿ ಓದುವ ವಿದ್ಯಾರ್ಥಿಗೆ ಇದರಲ್ಲಿ ಪಾಠವುಂಟು. ಚಿತ್ರ ತೆಗೆಯುವ ಮೊದಲು, ಈ ಚಿತ್ರದಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ವ್ಯರ್ಥ.

ಲಂಡನ್ನಿನ ಯಂತ್ರ, ಬೆಂಗಳೂರಿನ ಗಣಿತ

ಸಾಮಾನ್ಯ ಎಕ್ಸ್-ರೇ ಚಿತ್ರಕ್ಕೆ ಒಂದು ಕೊರತೆಯಿದೆ. ಅದು ನೆರಳು. ದೇಹದ ಮುಂದಿನದು, ಹಿಂದಿನದು ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಪದರ ಪದರವಾಗಿ ನೋಡಲು ಸಾಧ್ಯವೇ? ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇಎಂಐ ಕಂಪೆನಿಯ ಇಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಇದಕ್ಕೆ ಉತ್ತರ ಕಂಡುಕೊಂಡರು. ದೇಹದ ಸುತ್ತ ಬೇರೆ ಬೇರೆ ಕೋನಗಳಿಂದ ಕಿರಣ ಹಾಯಿಸಿ, ಅಳತೆಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಒಳಗಿನ ಒಂದು ಪದರದ ಚಿತ್ರವನ್ನು ಲೆಕ್ಕದಿಂದ ಕಟ್ಟಿದರು. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮೆದುಳಿನ ಸ್ಕ್ಯಾನ್ ಆಯಿತು. ಇದೇ ಸಿ.ಟಿ. ಸ್ಕ್ಯಾನ್. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಭೌತವಿಜ್ಞಾನಿ ಆಲನ್ ಕಾರ್ಮ್ಯಾಕ್ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಇಬ್ಬರೂ ವೈದ್ಯರಲ್ಲ.

ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಒಂದು ಪ್ರಬಂಧ ಪ್ರಕಟಿಸಿದರು. ಹಲವು ಕೋನಗಳ ನೆರಳುಗಳಿಂದ ಮೂಲ ವಸ್ತುವಿನ ರೂಪವನ್ನು ಮರಳಿ ಕಟ್ಟುವ ಸರಳ, ಶೀಘ್ರ ಗಣಿತ ವಿಧಾನ ಅದರಲ್ಲಿತ್ತು. ನೆರಳುಗಳನ್ನು ಸುಮ್ಮನೆ ಒಂದರ ಮೇಲೊಂದು ಹರಡಿದರೆ ಚಿತ್ರ ಮಸುಕಾಗುತ್ತದೆ. ಹರಡುವ ಮೊದಲು ಪ್ರತಿ ನೆರಳನ್ನೂ ಒಂದು ಗೊತ್ತಾದ ಕ್ರಮದಲ್ಲಿ ಸೋಸಿದರೆ ಅಂಚುಗಳು ತಿಳಿಯಾಗುತ್ತವೆ. ಆ ಸೋಸುವ ಕ್ರಮಕ್ಕೆ ಇಬ್ಬರ ಹೆಸರಿನಿಂದಲೇ ‘ರಾಮ್-ಲಕ್’ ಎಂದು ಹೆಸರು ಬಂದು, ಜಗತ್ತಿನ ಪಠ್ಯಪುಸ್ತಕಗಳಲ್ಲಿ ಸೇರಿತು. ನಮ್ಮ ನಾಡಿನ ವಿದ್ಯಾರ್ಥಿಯೊಬ್ಬ ಸಿ.ಟಿ. ಯಂತ್ರದ ಮುಂದೆ ಕುಳಿತಾಗ ಇದು ಹೊರದೇಶದ ವಿದ್ಯೆ ಎಂದು ಅಂಜಬೇಕಾಗಿಲ್ಲ.

ಪದವಿಯಲ್ಲಿ ಏನು ಕಲಿಯುತ್ತೀರಿ?

ಸಿ.ಟಿ. ಬಂದ ಮೇಲೆ ನೋಡಿ ಕಲಿತ ವಿದ್ಯೆ ಸಾಲದಾಯಿತು. ಆಮೇಲೆ ಎಂ.ಆರ್.ಐ. ಬಂತು, ಫಿಲಂ ಹೋಗಿ ಡಿಜಿಟಲ್ ಬಂತು. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ಡಿಪ್ಲೊಮಾದ ಜಾಗಕ್ಕೆ ಪದವಿ ಬಂತು. ನಮ್ಮಲ್ಲಿ ಡಿಪ್ಲೊಮಾ ಶಿಕ್ಷಣ ಮುಂದುವರಿದರೂ, ಅದರ ಜೊತೆಗೆ ಪದವಿ ಬೆಳೆಯಿತು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಅಡಿಯಲ್ಲಿ ಇಮೇಜಿಂಗ್ ಟೆಕ್ನಾಲಜಿಯ ಬಿ.ಎಸ್ಸಿ. ಇದೆ. ಮಣಿಪಾಲದಲ್ಲೂ ಇಂಥ ಪದವಿಯಿದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಇದಕ್ಕೆ ಹೋಗಬಹುದು. ಕೆಲವು ವರ್ಷದ ಪಾಠ, ಕೊನೆಯಲ್ಲಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್.

ಮೊದಲು ಒಂದು ಗೊಂದಲ ಬಿಡಿಸೋಣ. ರೇಡಿಯಾಲಜಿಸ್ಟ್ ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ, ಮೇಲೆ ರೇಡಿಯಾಲಜಿ ಓದಿದ ವೈದ್ಯರು. ಚಿತ್ರ ನೋಡಿ ವರದಿ ಕೊಡುವವರು ಅವರು. ರೇಡಿಯಾಗ್ರಫರ್ ಎಂದರೆ ಆ ಚಿತ್ರವನ್ನು ತೆಗೆಯುವವರು. ಚಿತ್ರ ಕೆಟ್ಟರೆ ಎಂಥ ದೊಡ್ಡ ವೈದ್ಯರಿಗೂ ಅದು ಏನನ್ನೂ ಹೇಳದು.

ಇನ್ನು ಪಾಠದ ವಿಷಯ. ನಳಿಕೆಯಲ್ಲಿ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಗುರಿಗೆ ಬಡಿದಾಗ ಅವುಗಳ ಶಕ್ತಿಯಲ್ಲಿ ಸುಮಾರು 99 ಭಾಗ ಶಾಖವಾಗಿ ಹೋಗುತ್ತದೆ, ಕ್ಷ-ಕಿರಣವಾಗುವುದು 1 ಭಾಗ ಮಾತ್ರ. ಗುರಿ ಕರಗದಂತೆ ಅದನ್ನು ತಿರುಗಿಸುವುದು ಅದಕ್ಕೇ. ವೋಲ್ಟೇಜ್ ಹೆಚ್ಚಿಸಿದರೆ ಕಿರಣ ಹೆಚ್ಚು ಆಳಕ್ಕೆ ತೂರುತ್ತದೆ, ಆದರೆ ಮೂಳೆ ಮತ್ತು ಮಾಂಸದ ನಡುವಿನ ವ್ಯತ್ಯಾಸ ಮಂಕಾಗುತ್ತದೆ. ಎದೆಯ ಚಿತ್ರವನ್ನು ಸುಮಾರು ಆರು ಅಡಿ ದೂರದಿಂದ, ರೋಗಿ ಉಸಿರು ತುಂಬಿಕೊಂಡು ನಿಲ್ಲಿಸಿದಾಗ ತೆಗೆಯುತ್ತಾರೆ. ಹತ್ತಿರದಿಂದ ತೆಗೆದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ದೀಪದ ಹತ್ತಿರ ಹಿಡಿದ ಕೈಯ ನೆರಳು ಗೋಡೆಯ ಮೇಲೆ ದೊಡ್ಡದಾಗುವಂತೆ. ಮುರಿದ ಮೂಳೆಯನ್ನು ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಿಂದ ನೋಡಬೇಕು. ಒಂದರಲ್ಲಿ ಕಾಣದ ಬಿರುಕು ಇನ್ನೊಂದರಲ್ಲಿ ಕಾಣುತ್ತದೆ. ಎಡ, ಬಲದ ಗುರುತು ಹಾಕಲು ಮರೆಯಬಾರದು. ಆ ಒಂದು ಅಕ್ಷರ ತಪ್ಪಿದರೆ ಶಸ್ತ್ರಚಿಕಿತ್ಸೆ ತಪ್ಪು ಕಡೆ ನಡೆಯಬಹುದು.

ವಿಕಿರಣದ ಅಳತೆಯನ್ನೂ ಕಲಿಯುತ್ತೀರಿ. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಎದೆಯ ಒಂದು ಎಕ್ಸ್-ರೇ ಅದರ ಅತಿ ಸಣ್ಣ ಅಂಶ. ಮಣಿಕಟ್ಟಿನದು ಇನ್ನೂ ಕಡಿಮೆ. ನಮ್ಮ ಕ್ಯಾಮೆರಾ ಸಹಾಯಕನಿಗೆ ಮೂರು ಚಿತ್ರಗಳಿಂದ ಯಾವ ತೊಂದರೆಯೂ ಆಗಿರಲಾರದು ಎಂದು ಆ ರೇಡಿಯಾಗ್ರಫರೇ ಹೇಳಿದರು. “ಆದರೆ ಸಾರ್, ಮಣಿಕಟ್ಟಿಗೆ ಆದ ಅಭ್ಯಾಸವೇ ನಾಳೆ ಮಗುವಿನ ಹೊಟ್ಟೆಯ ಸಿ.ಟಿ.ಗೂ ಬರ್ತದಲ್ಲ?” ಎಂದೂ ಕೇಳಿದರು. ಹೊಟ್ಟೆಯ ಒಂದು ಸಿ.ಟಿ. ಎದೆಯ ಎಕ್ಸ್-ರೇಯ ಹಲವು ಹತ್ತುಪಟ್ಟು, ಕೆಲವೊಮ್ಮೆ ನೂರುಪಟ್ಟಿಗೂ ಮೇಲೆ. ಸಾಲದ್ದಕ್ಕೆ, ಮಕ್ಕಳ ದೇಹ ವಿಕಿರಣಕ್ಕೆ ದೊಡ್ಡವರದಕ್ಕಿಂತ ಹೆಚ್ಚು ಸೂಕ್ಷ್ಮ. ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ ಎಂಬುದೇ ಈ ವಿದ್ಯೆಯ ಮೂಲಸೂತ್ರ.

ಕೆಲಸ ಮಾಡುವವರ ರಕ್ಷಣೆಗೂ ನಿಯಮವಿದೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳುತ್ತದೆ. ವಿಕಿರಣ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ. ಎದೆಯ ಮೇಲೆ ಸಣ್ಣ ಬ್ಯಾಡ್ಜ್ ಧರಿಸುತ್ತಾರೆ. ಅದನ್ನು ಆಗಾಗ ಪರೀಕ್ಷೆಗೆ ಕಳುಹಿಸಿ, ಎಷ್ಟು ವಿಕಿರಣ ತಗಲಿದೆಯೆಂದು ಲೆಕ್ಕವಿಡುತ್ತಾರೆ. ಡ್ಯಾಲಿಗೆ ಅಂಥ ಬ್ಯಾಡ್ಜ್ ಇರಲಿಲ್ಲ. ಎಂ.ಆರ್.ಐ.ಯಲ್ಲಿ ಕ್ಷ-ಕಿರಣವಿಲ್ಲ, ಆದರೆ ಅಲ್ಲಿನ ಭಾರಿ ಅಯಸ್ಕಾಂತ ಸದಾ ಎಚ್ಚರವಾಗಿರುತ್ತದೆ. 2018ರಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರನ್ನು ಒಳಗೆ ಒಯ್ದ ಯುವಕನೊಬ್ಬ ಸಿಲಿಂಡರಿನೊಂದಿಗೇ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡ.

ಕಲಿತದ್ದನ್ನು ಬಿಡುವುದನ್ನೂ ಕಲಿಯಬೇಕಾಗುತ್ತದೆ. ಎಕ್ಸ್-ರೇ ತೆಗೆಯುವಾಗ ರೋಗಿಯ ಜನನಾಂಗದ ಮೇಲೆ ಸೀಸದ ಹೊದಿಕೆ ಇಡಬೇಕೆಂದು ದಶಕಗಳ ಕಾಲ ಕಲಿಸಿದರು. 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ, ಇದನ್ನು ವಾಡಿಕೆಯಾಗಿ ಮಾಡುವುದು ಬೇಡವೆಂದಿತು. ಹೊದಿಕೆ ನೋಡಬೇಕಾದ ಭಾಗವನ್ನೇ ಮರೆಮಾಡಬಹುದು. ತಾನಾಗಿ ಪ್ರಮಾಣ ಹೊಂದಿಸುವ ಹೊಸ ಯಂತ್ರ, ಸೀಸ ಅಡ್ಡ ಬಂದಾಗ ಕಿರಣವನ್ನು ಹೆಚ್ಚಿಸಿಬಿಡಬಹುದು. ‘ಏಕೆ’ ಎಂದು ತಿಳಿದವರು ಮಾತ್ರ ಇಂಥ ಬದಲಾವಣೆಯನ್ನು ಅರ್ಥಮಾಡಿಕೊಂಡು, ರೋಗಿಗೂ ವಿವರಿಸಬಲ್ಲರು.

ಹೆಸರು, ಹಕ್ಕು, ಹೊಣೆ

ಬಹುಕಾಲ ಇವರನ್ನು ‘ಪ್ಯಾರಾಮೆಡಿಕಲ್’ ಎಂಬ ಒಂದೇ ಬುಟ್ಟಿಗೆ ಹಾಕಿದ್ದೆವು. ಅವರು ಏನು ಓದಿರಬೇಕು, ಎಷ್ಟು ಓದಿರಬೇಕು ಎಂಬುದಕ್ಕೆ ದೇಶಕ್ಕೆಲ್ಲ ಒಂದೇ ಕಾನೂನು ಇರಲಿಲ್ಲ. 2021ರಲ್ಲಿ ಸಂಸತ್ತು ಸಂಬಂಧಿತ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯಿದೆ ಮಾಡಿತು. ವೈದ್ಯಕೀಯ ರೇಡಿಯಾಲಜಿ ಮತ್ತು ಇಮೇಜಿಂಗ್ ಅದರಲ್ಲಿ ಹೆಸರಿಟ್ಟು ಗುರುತಿಸಿದ ವೃತ್ತಿ. ಪದವಿ ಪಡೆದ ಆರೋಗ್ಯ ವೃತ್ತಿಪರರಿಗೆ ಕನಿಷ್ಠ 3600 ಗಂಟೆಗಳ ಶಿಕ್ಷಣ ಆಗಿರಬೇಕೆಂದು ಆ ಕಾಯಿದೆ ಹೇಳುತ್ತದೆ. ರಾಂಟ್‌ಜನ್ ಪ್ರಯೋಗದಿಂದ ಎಣಿಸಿದರೆ ಇಲ್ಲಿಗೆ 126 ವರ್ಷ.

ಕಾಯಿದೆ ಬಂದ ಮಾತ್ರಕ್ಕೆ ಎಲ್ಲವೂ ಸರಿಯಾಗದು. ಕಾಲೇಜು ಸೇರುವ ಮುನ್ನ ಅದು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆ, ಅಭ್ಯಾಸಕ್ಕೆ ತನ್ನದೇ ಆಸ್ಪತ್ರೆ ಇದೆಯೇ, ಸಿ.ಟಿ., ಎಂ.ಆರ್.ಐ. ಯಂತ್ರದ ಹತ್ತಿರ ವಿದ್ಯಾರ್ಥಿಗಳನ್ನು ಬಿಡುತ್ತಾರೆಯೇ ಎಂದು ಹಿರಿಯ ವಿದ್ಯಾರ್ಥಿಗಳನ್ನೇ ಕೇಳಿ ತಿಳಿದುಕೊಳ್ಳಿ. ಯಂತ್ರವಿಲ್ಲದ ಕಡೆ ಯಂತ್ರದ ವಿದ್ಯೆ ಕಲಿಯಲಾಗದು.

ಮತ್ತೆ ಭಾಗಮಂಡಲಕ್ಕೆ ಬರೋಣ. ಅಲ್ಲಿಂದ ಮಡಿಕೇರಿಗೆ ಸುಮಾರು 40 ಕಿಲೋಮೀಟರ್. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಕೊಡಗಿಗೆ ಅದು ದೊಡ್ಡ ಅನುಕೂಲ. ಆದರೂ ಮಳೆಗಾಲದಲ್ಲಿ ಆ 40 ಕಿಲೋಮೀಟರ್ ಚಿಕ್ಕ ದೂರವಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದದ್ದನ್ನು ನೀವು ಮರೆತಿರಲಾರಿರಿ. ಮೆಣಸು ಕೊಯ್ಯುವ ಏಣಿಯಿಂದ ಬಿದ್ದ ಅಜ್ಜನನ್ನು ಇಷ್ಟು ದೂರ ಕರೆತಂದ ಮೇಲೆ ಚಿತ್ರ ಸರಿಬಂದಿಲ್ಲ, ನಾಳೆ ಬನ್ನಿ ಎಂದರೆ ಆ ಮನೆಯವರಿಗೆ ಹೇಗಾದೀತು?

ಯಂತ್ರವೇ ಈಗ ಜನರ ಬಳಿಗೆ ಬರತೊಡಗಿದೆ. ಕೈಯಲ್ಲಿ ಹಿಡಿದೊಯ್ಯುವ ಎಕ್ಸ್-ರೇ ಯಂತ್ರಗಳಿವೆ. ಎದೆಯ ಚಿತ್ರದಲ್ಲಿ ಕ್ಷಯದ ಸುಳಿವನ್ನು ಹುಡುಕುವ ಕಂಪ್ಯೂಟರ್ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. 2024ರ ಡಿಸೆಂಬರ್‌ನಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಪತ್ತೆ ಅಭಿಯಾನದಲ್ಲಿ ಅಂಥ ಯಂತ್ರಗಳನ್ನು ದೇಶದಲ್ಲಿ ಬಳಸಿದರು. ತುಮಕೂರಿನ ಹಳ್ಳಿಗಳಿಗೆ ಹೋದ ಯಂತ್ರದ ಮೊಮ್ಮಗು ಇದು. ಹಾಗಾದರೆ ಮನುಷ್ಯನ ಅಗತ್ಯ ಮುಗಿಯಿತೇ? ರೋಗಿಯನ್ನು ಸರಿಯಾಗಿ ನಿಲ್ಲಿಸುವುದು, ಉಸಿರು ಹಿಡಿಸುವುದು, ಗರ್ಭಿಣಿಯೇ ಎಂದು ಕೇಳುವುದು, ಹೆದರಿದ ಮಗುವನ್ನು ಸಮಾಧಾನ ಮಾಡುವುದು ಇನ್ನೂ ಮನುಷ್ಯರ ಕೆಲಸವೇ. ಸುಳಿವು ಸಿಕ್ಕವರ ಕಫ ಪರೀಕ್ಷೆ ಆಯಿತೇ ಎಂದು ವಿಚಾರಿಸುವುದೂ ಹಾಗೆಯೇ. ಇಲ್ಲವಾದರೆ ಹೊಸ ಯಂತ್ರವೂ ಹಳೆಯ ಕೆಮ್ಮಿನ ಬಾಟಲಿಯೇ ಆದೀತು.

ಆ ಯುವ ರೇಡಿಯಾಗ್ರಫರ್ ಅವರನ್ನು ಕೊನೆಗೆ ಒಂದು ಮಾತು ಕೇಳಿದೆ: “ನಿಮ್ಮ ಹೆಸರು ಫಿಲಂ ಮೇಲೆ ಇರುವುದಿಲ್ಲ. ವರದಿಯ ಕೆಳಗೆ ಸಹಿ ಡಾಕ್ಟರದು. ಬೇಸರವಿಲ್ಲವೇ?” ಆಕೆ ಸ್ವಲ್ಪ ಯೋಚಿಸಿ, “ಎಡ, ಬಲ ಗುರುತು ಹಾಕ್ತೇನಲ್ಲ ಸಾರ್, ಆ ಅಕ್ಷರ ನಂದು” ಎಂದರು.

ಗೆಳೆಯರೊಡನೆ ಚರ್ಚಿಸಿ

1. ನೋಡಿ ಕಲಿಯುವ ವಿದ್ಯೆಗೂ ಪದವಿ ಓದಿ ಕಲಿಯುವ ವಿದ್ಯೆಗೂ ಏನು ವ್ಯತ್ಯಾಸ? ನಿಮ್ಮ ಊರಿನ ಯಾವುದಾದರೂ ಕಸುಬನ್ನು ಉದಾಹರಣೆ ಕೊಡಿ.

2. ವೈದ್ಯರು ಬೇಡವೆಂದರೂ “ಒಂದು ಸ್ಕ್ಯಾನ್ ಮಾಡಿಸಿಬಿಡಿ” ಎಂದು ಒತ್ತಾಯಿಸುವ ಮನೆಯವರಿಗೆ ನೀವು ಏನು ಹೇಳುತ್ತೀರಿ?

3. ನಿಮ್ಮ ಮನೆಯಿಂದ ಹತ್ತಿರದ ಎಕ್ಸ್-ರೇ ಕೋಣೆ ಎಷ್ಟು ದೂರ? ಅಲ್ಲಿ ಚಿತ್ರ ತೆಗೆಯುವವರು ಏನು ಓದಿದ್ದಾರೆಂದು ವಿನಯದಿಂದ ಕೇಳಿ ತಿಳಿದು, ಅವರ ಒಂದು ದಿನದ ಕೆಲಸದ ಬಗ್ಗೆ ಒಂದು ಪುಟ ಬರೆಯಿರಿ.